ಕೆಂಪು ಬಾಲಕ್ಕೋ, ಹಸಿರು ಬಾಲಕ್ಕೋ

ಕೊಳ್ಳೇಗಾಲ
14 ಜೂನ್ 2025

ಸರಸಕ್ಕಂಗೆ ತಮ್ಮ ಪರಮೇಶನ ನಮಸ್ಕಾರ.

ಇಲ್ಲಿ ಎಲ್ರೂ ಚೆಂದಾಗಿದ್ದೀವಿ. ಮಗ್ಗನೂ ಚೆಂದಾಗಿ ಅದೆ. ನಿನ್ನ ನಾದ್ನಿ ನಾಗರತ್ನ ದಿನಾ ನನ್ನ ಬಯ್ತಾಳೆ, ಅಂದ್ರೆ ಅವಳೂ ಚೆಂದಾಗವ್ಳೆ. ಕಾಮಗೆರೆ ಆಸ್ಪತ್ರೇಲಿ ನಿನ್ನ ಕಿವಿಗೆ ಕೊಟ್ಟ ಮಿಷನ್ನು ಹಾಕತಿದ್ದೀಯೋ, ಇಲ್ಲಾ ಗೋಡೆ ಮೊಳೆಗೆ ನೇತಾಕಿದ್ದೀಯೋ? ಹೋದ್ಸಾರಿ ಫೋನಲ್ಲಿ "ವಿಮಾನ ಹತ್ತಿದೆ ಕಣಕ್ಕ" ಅಂದ್ರೆ "ಯಾವಾಗ ಬಿದ್ದೆ?" ಅಂದೆ. ಇನ್ನೊಂದ್ಸಲ ಕೂಗ್ದೆ. "ಕಟ್ಟು ಹಾಕಿಸ್ದಾ?" ಅಂದೆ. ನಮ್ಮಿಬ್ರಿಗೆ ಕಾಗದನೇ ವಾಸಿ. ಇದ್ರಲ್ಲಿ ಕಿವಿ ಬೇಡ, ಕನ್ನಡಕ ಸಾಕು.

ನಾನು ಬೀಳ್ಲಿಲ್ಲ. ಹತ್ತಿದ್ದು ದಿಟ. ಬೆಂಗಳೂರಿನ ಸೀರೆ ಅಂಗಡಿಯವ್ರು ಹೈದರಾಬಾದು, ಮದರಾಸು, ಕೊಚ್ಚಿ ಅಂತ ಊರೂರಲ್ಲಿ ಮೇಳ ಮಾಡ್ತಾರಲ್ಲ, ಅಲ್ಲಿ ಜನದ ಮುಂದೆ ಕುಂತು ನೇಯಕ್ಕೆ ಒಬ್ಬ ಬೇಕಿತ್ತಂತೆ. ಜನ ರೇಶ್ಮೆ ನೋಡಕ್ಕಿಂತ ನೇಯೋನ್ನ ನೋಡಕ್ಕೆ ಬತ್ತಾರೆ. ನನ್ನ ಮಗ್ಗ ಲಾರೀಲಿ ಓಯ್ತದೆ, ನಾನು ವಿಮಾನದಲ್ಲಿ ಓಯ್ತೀನಿ. ಮಗ್ಗಕ್ಕೆ ಬೇಜಾರಾಗ್ಬುಟ್ಟದೆ.

ಹೈದರಾಬಾದಲ್ಲಿ ಇಳಿದು ಆಚೆಗೆ ಬಂದ್ರೆ ಒಬ್ಬ ರಟ್ಟು ಹಿಡ್ಕೊಂಡು ನಿಂತವ್ನೆ. ಅದ್ರ ಮೇಲೆ "ಪರಮೇಶ, ಕೊಳ್ಳೇಗಾಲ" ಅಂತ ಬರೆದದೆ. ನಮ್ಮೂರ ಹೆಸರು ಅಷ್ಟು ದೂರದಲ್ಲಿ! ನಾನು ಬೇಕಂತ್ಲೇ ಒಂದು ಗಳಿಗೆ ಅವನ ಮುಂದೇನೇ ಆ ಕಡೆ ಈ ಕಡೆ ಓಡಾಡ್ದೆ. ಇನ್ನೊಂದೆರಡು ಜನ ಓದ್ಲಿ ಅಂತ.

ಈಗ ವಿಷಯಕ್ಕೆ ಬತ್ತೀನಿ. ನೀನು ಏಳನೇ ಕ್ಲಾಸು ಪಾಸು, ನಾನು ನಾಲ್ಕಕ್ಕೇ ಮಗ್ಗದ ಗುಂಡಿಗೆ ಇಳಿದೋನು. ನೀನೇ ಹೇಳ್ಬೇಕು. ಅಂಗಡೀಲಿ ಮೇಘನಾ ಅಂತ ಒಂದು ಹುಡುಗಿ ಅವ್ಳೆ, ಟಿಕೆಟ್ಟೆಲ್ಲ ಅವಳೇ ಮಾಡ್ಸೋದು. "ಅಂಕಲ್, ಟಿಕೆಟ್ ಅಂಗಡೀದು, ಪಾಯಿಂಟ್ ನಿಮ್ದು. ಲಾಯಲ್ಟಿ ಖಾತೆ ಮಾಡಿಸ್ಕೊಳಿ" ಅಂದ್ಳು. ಲಾಯಲ್ಟಿ ಅಂದ್ರೆ ಏನವ್ವಾ ಅಂದೆ. ನಿಯತ್ತಂತೆ. ಒಂದೇ ಕಂಪನಿಗೆ ನಿಯತ್ತಾಗಿದ್ರೆ, ಪಾಯಿಂಟ್ ತುಂಬಿದ ಮೇಲೆ ಒಂದ್ಸಲ ಬಿಟ್ಟಿ ಕರ್ಕೊಂಡೋಯ್ತಾರಂತೆ. ಇಷ್ಟು ವರ್ಷ ನಾಗರತ್ನಂಗೆ ನಿಯತ್ತಾಗಿದ್ದೀನಿ, ಹನೂರಿಗೂ ಬಿಟ್ಟಿ ಕರ್ಕೊಂಡೋಗಿಲ್ಲ ಅವಳು.

ವಿಮಾನದ ಕಂಪನಿ ಎರಡು. ಒಂದರದ್ದು ಕೆಂಪು ಬಾಲ, ಒಂದರದ್ದು ಹಸಿರು ಬಾಲ. ಹೆಸರು ನನ್ನ ಬಾಯಲ್ಲಿ ತಿರುಗಕಿಲ್ಲ. ಇಬ್ರೂ ನೆಂಟ್ರು. ಯಾರ ವಿಮಾನ ಹತ್ತಿದ್ರೂ ಆ ಪಾಯಿಂಟ್ನ ಕೆಂಪಿಗಾದ್ರೂ ಹಾಕ್ಬೋದು, ಹಸಿರಿಗಾದ್ರೂ ಹಾಕ್ಬೋದು. ಎರಡಕ್ಕೂ ಆಗಲ್ಲ. ಹಾಕಿದ ಮೇಲೆ ಎತ್ತಕ್ಕೂ ಆಗಲ್ಲ. ಕೆಂಪು ಬಾಲದೋರು ದೂರ ಅಳೆದು ಕೊಡ್ತಾರೆ, ಪಾಯಿಂಟ್ ಸಾಯಕಿಲ್ಲ. ಹಸಿರು ಬಾಲದೋರು ಹತ್ತಿದ್ದಷ್ಟು ಸಲ ಕೊಡ್ತಾರೆ, ದೂರ ಕೇಳಲ್ಲ, ಆದ್ರೆ ವರ್ಷ ತುಂಬಿದ್ರೆ ಸತ್ತೋಯ್ತವೆ.

ಯಾವುದಕ್ಕೆ ಹಾಕ್ಲಿ? ದೀಪಾವಳಿ ಒಳಗೆ ಹೇಳಿದ್ರೆ ಸಾಕಂತೆ, ಅಲ್ಲೀಗಂಟ ಹತ್ತಿದ ಚೀಟಿಗಳ್ನ ಜರಿ ಡಬ್ಬೀಲಿ ಇಟ್ಟಿರ್ತೀನಿ.

ಮೊದಲ್ನೇ ಬಿಟ್ಟಿ ಟಿಕೆಟ್ಟು ನಿಂದು. ಮಾದಪ್ಪನಾಣೆ.

ನಿನ್ನ ತಮ್ಮ
ಪರಮೇಶ


ಯಳಂದೂರು
23 ಜೂನ್ 2025

ಚಿರಂಜೀವಿ ಪರಮೇಶನಿಗೆ ಅಕ್ಕನ ಆಶೀರ್ವಾದ.

ಕಾಗದ ತಲುಪಿತು. ಮಿಷನ್ನು ಮೊಳೆಗೇ ನೇತುಹಾಕಿದ್ದೇನೆ. ಹಾಕಿಕೊಂಡರೆ ನಿಮ್ಮ ಭಾವ ಗೊಣಗುವುದೆಲ್ಲ ಕೇಳಿಸುತ್ತದೆ.

ನೀನು ಕೇಳಿದ್ದಕ್ಕೆ ಎರಡು ದಿನ ಯೋಚನೆ ಮಾಡಿದೆ. ಹೈದರಾಬಾದು, ಮದರಾಸು, ಕೊಚ್ಚಿ. ನೀನು ಹೋಗುವುದೆಲ್ಲ ಗೇಣುದ್ದದ ದಾರಿ. ಮಾರು ಲೆಕ್ಕದಲ್ಲಿ ಅಳೆಯುವವನ ಮುಂದೆ ಗೇಣುದ್ದದ ಬಟ್ಟೆ ಹಿಡಿದರೆ ಅವನು ಏನು ಕೊಡುತ್ತಾನೆ? ಹಸಿರು ಬಾಲವೇ ಸರಿ. ವರ್ಷಕ್ಕೆ ಸಾಯುತ್ತವೆ ಎಂದೆ. ಸಾಯಲಿ, ಅಷ್ಟರೊಳಗೆ ಖರ್ಚು ಮಾಡು. ಮಲ್ಲಿಗೆ ಹೂವನ್ನು ಯಾರಾದರೂ ಕೂಡಿಡುತ್ತಾರೆಯೇ?

ಆದರೆ ಒಂದು ಮಾತು. ಲಾಳಿ ಎಷ್ಟು ಜೋರಾಗಿ ಓಡಿದರೂ ಎರಡು ಅಂಚನ್ನೂ ಮುಟ್ಟಿ ಬರಬೇಕು. ಒಂದು ಅಂಚು ಬಿಟ್ಟರೆ ಬಟ್ಟೆಯಾಗುವುದಿಲ್ಲ, ಬರೀ ಸಿಕ್ಕು. ನೀನು ಯಳಂದೂರಿಗೆ ಬಂದು ಎಷ್ಟು ದಿನವಾಯಿತು ಎಂದು ನಾನು ಕೇಳುತ್ತಿಲ್ಲ.

ನನಗೆ ವಿಮಾನಗಿಮಾನ ಬೇಡ. ಈ ವಯಸ್ಸಿನಲ್ಲಿ ಮೇಲೆ ಹೋಗಲು ಬೇರೆ ದಾರಿಯಿದೆ. ಮೊದಲು ನಾಗರತ್ನಳನ್ನು ಕರೆದುಕೊಂಡು ಹೋಗು.

ಸುಮ್ಮನೆ ಕೇಳುತ್ತೇನೆ. ಅದರೊಳಗೆ ಚಳಿಯಂತೆ, ಹೌದೇ? ಸ್ವೆಟರ್ ಬೇಕಾಗುತ್ತದೆಯೇ? ಕಿಟಕಿ ಪಕ್ಕ ಬೇಕು ಎಂದರೆ ಮೊದಲೇ ಹೇಳಬೇಕೋ, ಇಲ್ಲ ಬಸ್ಸಿನ ಹಾಗೆ ಟವೆಲ್ಲು ಎಸೆಯಬಹುದೋ? ಪಕ್ಕದ ಮನೆಯವರು ಕೇಳುತ್ತಿದ್ದರು.

ಗೌರಿ ಹಬ್ಬ ಈ ಸಲ ಆಗಸ್ಟ್ ಇಪ್ಪತ್ತಾರಕ್ಕೆ ಬಂದಿದೆ. ಕ್ಯಾಲೆಂಡರ್ ನಿನ್ನ ಹತ್ತಿರವೂ ಇರುತ್ತದೆ.

ಸರಸ್ವತಿ


ಕೊಚ್ಚಿ
19 ಜುಲೈ 2025

ಸರಸಕ್ಕಂಗೆ ನಮಸ್ಕಾರ.

ಈ ಕಾಗದ ಓಟ್ಲು ರೂಮಿಂದು. ಮೇಲೆ ಚಿನ್ನದ ಅಕ್ಷರ ಅವೆ, ಅದ್ಕೆ ಓದಕ್ಕೆ ಮುಂಚೆ ಭಾವಂಗೆ ತೋರ್ಸು.

ನಿನ್ನ ಪಕ್ಕದ ಮನೆಯೋರಿಗೆ ಹೇಳು: ಚಳಿ ಅದೆ, ಸ್ವೆಟರ್ ಬೇಕು. ಟವೆಲ್ ಎಸೆಯಂಗಿಲ್ಲ. ನಾನು ಎಸೆದು ನೋಡ್ದೆ. ಗಗನಸಖಿ ಅದನ್ನ ಮಡಿಚಿ ನನ್ನ ಕೈಗೇ ಕೊಟ್ಟು "ಸಾರ್, ಯುವರ್ ಟವೆಲ್" ಅಂದ್ಳು. ಪಕ್ಕದ ಸೂಟಿನೋನು ನಕ್ಕ. "ನಗ್ಬೇಡಿ ಸಾ, ಕೊಳ್ಳೇಗಾಲದ ಬಸ್ ಸ್ಟ್ಯಾಂಡಲ್ಲಿ ಇದೇ ರಿಜರ್ವೇಶನ್ನು" ಅಂದೆ. ಕೊಚ್ಚಿ ಬರೋ ಒತ್ಗೆ ಅವನೂ ನಾನೂ ಕಡ್ಲೆಕಾಯಿ ಹಂಚ್ಕೊಂಡು ತಿಂತಿದ್ವಿ.

ನೀನು ಹೇಳ್ದಂಗೆ ಹಸಿರು ಬಾಲ ಅಂತ ಮೇಘನಂಗೆ ಹೇಳ್ದೆ. ಅವಳು ಫಾರಂ ತೆಗೆದ್ಲು. ಅದ್ರಲ್ಲಿ ಫ್ಯಾಮಿಲಿ ಅಂತ ಒಂದು ಪಟ್ಟಿ. ಪಾಯಿಂಟ್ ಯಾರಿಗೆ ಕೊಡ್ತೀವೋ ಅವರ ಹೆಸರು ಅದ್ರಲ್ಲಿ ಇರ್ಬೇಕಂತೆ. "ಅಕ್ಕ ಅಂತ ಹಾಕವ್ವ" ಅಂದೆ. ಹುಡುಕಿದ್ಲು, ಹುಡುಕಿದ್ಲು. ಹೆಂಡ್ತಿ ಅದೆ, ಮಕ್ಳು ಅದೆ, ಅಪ್ಪ ಅವ್ವ ಅದೆ, ಅತ್ತೆ ಮಾವನೂ ಅವ್ರೆ. ಅಕ್ಕ ಇಲ್ಲ! ನಮ್ಮ ಮಾವ, ನನ್ನ ಮದುವೇಲಿ ವಾಚು ಕೊಡ್ತೀನಿ ಅಂದು ಇವತ್ತಿಗೂ ಕೊಡದೇ ಇರೋನು, ಅವನು ಫ್ಯಾಮಿಲಿ. ನೀನು ಅಲ್ಲ.

ನಂಗೆ ನಗು ತಡೆಯಕ್ಕಾಗ್ಲಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನೋ ಗಾದೆ ವಿಮಾನದೋರಿಗೂ ಗೊತ್ತಾಗೋಗದಲ್ಲಕ್ಕ! ಇಷ್ಟು ದಿನ ನಮ್ಮೂರೋರು ಮಾತ್ರ ಅಂತಿದ್ರು, ಈಗ ಕಂಪ್ಯೂಟ್ರೂ ಅಂತದೆ.

ಕೆಳಗೆ ಗಾಡಿ ಬಂದು ನಿಂತದೆ, ಡ್ರೈವರ್ರು ಹಾರನ್ ಬಾರಿಸ್ತಾವ್ನೆ. ಮಿಕ್ಕಿದ್ದು ಗೌರಿ ಹಬ್ಬಕ್ಕೆ ಬಾಗಿನ ತಂದಾಗ ಮುಖ ನೋಡ್ಕೊಂಡೇ ಹೇಳ್ತೀನಿ.

ಪರಮೇಶ


ಯಳಂದೂರು
4 ಆಗಸ್ಟ್ 2025

ಪರಮೇಶನಿಗೆ ಆಶೀರ್ವಾದ.

ಕಾಗದ ಬಂತು. ಭಾವನಿಗೆ ತೋರಿಸಿದೆ. ಅಕ್ಷರ ಚಿನ್ನದ್ದಲ್ಲ, ಬಣ್ಣ ಎಂದರು.

ಗಾದೆ ಸರಿಯಾಗಿಯೇ ಇದೆ. ಹಿರಿಯರು ಸುಮ್ಮನೆ ಮಾಡಿರುವುದಿಲ್ಲ. ಹಸಿರಿಗೇ ಹಾಕು. ಪಟ್ಟಿಯಲ್ಲಿ ಇರುವವರು ಹೋಗಿ ಬರಲಿ. ಅವರಿಗೆ ಸ್ವೆಟರ್ ಕೊಡಿಸು.

ಹಬ್ಬಕ್ಕೆ ಪುರುಸೊತ್ತಿದ್ದರೆ ಬಾ.

ಸರಸ್ವತಿ


ಕೊಳ್ಳೇಗಾಲ
29 ಆಗಸ್ಟ್ 2025

ಸರಸಕ್ಕಂಗೆ ನಮಸ್ಕಾರ.

ಬಯ್ಬೇಡ. ಬಯ್ಯೋದಾದ್ರೆ ಭಾವನ ಕೈಲಿ ಬಯ್ಯಿಸ್ಬೇಡ, ನೀನೇ ಬಯ್ಯಿ. ಗೌರಿ ಹಬ್ಬದ ದಿನ ಹೈದರಾಬಾದಿಂದ ಬರೋ ವಿಮಾನ ಲೇಟಾಗೋಯ್ತು. ಮೋಡ ಅಂದ್ರು. ಮೋಡಕ್ಕೆ ಏನು ಮಾಡಕ್ಕಾಯ್ತದೆ ಹೇಳು? ಬಸ್ಸಾಗಿದ್ರೆ ಇಳ್ದು ತಳ್ಳಿರ್ತಿದ್ದೆ.

ಬಾಗಿನ ಬರಲಿಲ್ಲ ಅಂತ ನೀನು ಬೇಜಾರು ಮಾಡ್ಕೊಳೋಳಲ್ಲ ಅಂತ ನಂಗೊತ್ತು. ನೀನು ದೊಡ್ಡೋಳು. ಮುಂದಿನ ವರ್ಷ ಎರಡು ತತ್ತೀನಿ, ಬಡ್ಡಿ ಸಮೇತ.

ಮೇಳದಲ್ಲಿ ಒಂದು ಹೆಂಗಸು ಬಂದು "ಈ ಸೀರೆ ನೇಯಕ್ಕೆ ಎಷ್ಟು ದಿನ?" ಅಂದ್ಳು. "ನಾನು ನೇಯ್ದ್ರೆ ಹದಿನೈದು, ನೀವು ನೋಡ್ತಾ ನಿಂತಿದ್ರೆ ಇಪ್ಪತ್ತು" ಅಂದೆ. ಕನ್ನಡ ಬರಕಿಲ್ಲ ಅವಳಿಗೆ, ಆದ್ರೂ ನಕ್ಕಳು.

ಕಾಗದ ಬರಿ ಅಕ್ಕ.

ಪರಮೇಶ


ಕೊಳ್ಳೇಗಾಲ
21 ಸೆಪ್ಟೆಂಬರ್ 2025

ಸರಸಕ್ಕಂಗೆ.

ನಿನ್ನ ಕಾಗದ ಬರ್ಲಿಲ್ಲ. ಪೋಸ್ಟ್‌ಮ್ಯಾನ್ ಚಿಕ್ಕಸಿದ್ದಯ್ಯನ್ನ ಬೀದೀಲಿ ನಿಲ್ಸಿ ಚೀಲ ನೋಡ್ದೆ. "ನಿಮ್ಮಕ್ಕ ಬರೀದೇ ಇದ್ರೆ ನಾನೇ ಬರೆದು ತರ್ಲಾ?" ಅಂದ. "ಬೈಗುಳ ಸರಿಯಾಗಿ ಬರಕಿಲ್ಲ ನಿಂಗೆ, ಬೇಡ" ಅಂದೆ.

ಹೈದರಾಬಾದು ಒಂದು ಗಂಟೆ ದಾರಿ. ಮದರಾಸು ಅಷ್ಟೂ ಇಲ್ಲ, ಕಾಫಿ ಲೋಟ ಇಸ್ಕೊಂಡು ಹೋಗೋದ್ರೊಳಗೆ ಇಳಿಸ್ಬುಡ್ತಾರೆ. ಯಳಂದೂರೇ ಯಾಕೋ ಬರಬರ್ತಾ ದೂರ ಆಯ್ತಾ ಅದೆ.

ಹಸಿರೋ ಕೆಂಪೋ ಇನ್ನೂ ಹಾಕಿಲ್ಲ. ಚೀಟಿಗಳು ಡಬ್ಬೀಲೇ ಅವೆ. ಮೇಘನಾ ದಿನಾ ಫೋನ್ ಮಾಡ್ತಾಳೆ.

ಕಿವಿ ಹೆಂಗದೆ?

ಪರಮೇಶ


ಯಳಂದೂರು
4 ಅಕ್ಟೋಬರ್ 2025

ಪರಮೇಶಪ್ಪನಿಗೆ ನಿಮ್ಮ ಭಾವ ನಂಜುಂಡಯ್ಯ ಮಾಡುವ ನಮಸ್ಕಾರ.

ನಾನು ಕಾಗದ ಬರೆಯೋನಲ್ಲ, ನಿಮಗೆ ಗೊತ್ತು. ನಿಮ್ಮಕ್ಕ ಸಂತೆಗೆ ಹೋಗವ್ಳೆ, ಬರೋದ್ರೊಳಗೆ ಮುಗಿಸ್ಬೇಕು. ಬರೆದೆ ಅಂತ ಅವಳಿಗೆ ಹೇಳ್ಬೇಡಿ.

ನೀವು ತಮಾಷೆ ಮನುಷ್ಯ. ಅದು ನಂಗೂ ಇಷ್ಟ. ಆದ್ರೆ ತಮಾಷೆ ಕಾಗದದಲ್ಲಿ ಬಂದಾಗ ಅದ್ರ ಜೊತೆ ನಿಮ್ಮ ಮುಖ ಬರಕಿಲ್ಲ ಕಣ್ರಿ. ಬರೀ ಅಕ್ಷರ ಬತ್ತವೆ.

ಜೂನ್ ತಿಂಗಳಲ್ಲಿ ನಿಮ್ಮ ಮೊದಲ್ನೇ ಕಾಗದ ಬಂದಾಗ್ಲಿಂದ ಇವಳು ಬೀದಿಗೆಲ್ಲ ಹೇಳಿಟ್ಟಿದ್ಲು, ನನ್ನ ತಮ್ಮ ವಿಮಾನದಲ್ಲಿ ಕರ್ಕೊಂಡೋಗ್ತಾನೆ ಅಂತ. ಚಾಮರಾಜನಗರಕ್ಕೆ ಹೋಗಿ ಸ್ವೆಟರ್ ತಂದ್ಲು. ನೀಲಿದು. ಯಳಂದೂರು ಬಿಸಿಲಲ್ಲಿ ಹಾಕ್ಕೊಂಡು ಕನ್ನಡಿ ನೋಡ್ತಿದ್ಲು. ಆಮೇಲೆ ಅದೇನೋ ಪಟ್ಟೀಲಿ ಅಕ್ಕನ ಹೆಸರಿಲ್ಲ ಅಂತ ಬರೆದ್ರಿ. ಸ್ವೆಟರ್ ಮಡಿಚಿ ಟ್ರಂಕಿಗೆ ಹಾಕಿದ್ಲು. ಈಗ ಬೀದಿ ಹೆಂಗಸ್ರು ದಿನಾ ಕೇಳ್ತಾರೆ. "ಸರಸ್ವತಮ್ಮ, ವಿಮಾನ ಎಲ್ಲಿಗೆ ಬಂತು, ಗುಂಬಳ್ಳಿ ದಾಟ್ತಾ?" ಅಂತ. ಇವಳು ಕಿವಿ ಕೇಳ್ದೋಳಂಗೆ ಹೋಗ್ತಾಳೆ. ಅದೊಂದು ಅನುಕೂಲ.

ಹಬ್ಬದ ದಿನ ಎಲೆ ಹಾಕಿ, ಸಂಜೆ ದೀಪ ಹಚ್ಚೋವರ್ಗೂ ಬಳೆ ಅಂಗಡಿ ಮೂಲೆ ನೋಡ್ತಾ ಕುಂತಿದ್ಲು. ನಿಮ್ಮವ್ವ ಹೋದ ಮೇಲೂ ಬಾಗಿನ ಒಂದು ವರ್ಷನೂ ತಪ್ಪಿರ್ಲಿಲ್ಲ. ಆ ದಿನ ರಾತ್ರಿ ಒಂದೇ ಮಾತು ಆಡಿದ್ಲು: "ಕುಲಕ್ಕೆ ಹೊರಗೆ ಅಂತ ಬರೆದೇ ಕಳ್ಸಿದ್ನಲ್ಲ, ನಾನೇ ದಡ್ಡಿ, ಕಾಯ್ತಾ ಕುಂತೆ."

ನಿಮ್ಮ ಕಾಗದಗಳು ದೇವರ ಗೂಡಲ್ಲಿ ಅವೆ. ಓದ್ತಾಳೆ, ಬರೆಯಕಿಲ್ಲ.

ಅವಳು ಬಂದಂಗಾಯ್ತು. ಮುಗಿಸ್ತೀನಿ.

ನಂಜುಂಡಯ್ಯ


ಕೊಳ್ಳೇಗಾಲ
8 ಅಕ್ಟೋಬರ್ 2025

ಸರಸಕ್ಕಂಗೆ ಪರಮೇಶನ ನಮಸ್ಕಾರ.

ಈ ಕಾಗದದಲ್ಲಿ ತಮಾಷೆ ಇಲ್ಲ. ಇದ್ರೆ ಅದು ನನ್ನ ಕೈ ತಪ್ಪಿ ಬಿದ್ದಿರ್ತದೆ, ನೀನು ದಾಟ್ಕೊಂಡೋಗು.

ಕೊಚ್ಚೀಲಿ ಗಾಡಿಯೋನು ಹಾರನ್ ಬಾರಿಸ್ದ ಅಂತ ಅರ್ಧ ಬರೆದು ಕಳಿಸ್ಬುಟ್ಟೆ. ಮಿಕ್ಕರ್ಧ ಇದು. ಪಟ್ಟೀಲಿ ಅಕ್ಕ ಇಲ್ಲ ಅಂತ ಮೇಘನಾ ಹೇಳಿದ ತಕ್ಷಣ ಕಂಪ್ಯೂಟ್ರು ಮುಚ್ಚವ್ವ ಅಂದೆ. "ಯಾಕಂಕಲ್, ನಿಮ್ದು ಶಾರ್ಟ್ ಫ್ಲೈಟು, ನಿಮಗೆ ಇದೇ ಲಾಭ" ಅಂದ್ಳು. "ನನ್ನ ಬೆನ್ನ ಮೇಲೆ ಹೊತ್ಕೊಂಡು ಸಾಕಿದೋಳು ಫ್ಯಾಮಿಲಿ ಅಲ್ಲ ಅಂದ್ರೆ ಅದು ಯಾವ ಸೀಮೆ ನಿಯತ್ತವ್ವ? ಮುಚ್ಚು" ಅಂದೆ. ಅವಳು "ನೀವೇ ಅವರ ಬೆನ್ನ ಮೇಲೆ ಇದ್ರಾ, ಅವ್ರು ನಿಮ್ಮ ಬೆನ್ನ ಮೇಲಾ?" ಅಂದ್ಳು. ಸಿಟ್ಟಲ್ಲಿ ನಂಗೆ ಮಾತು ತಿರುಗಾಮುರುಗಾ ಆಗಿತ್ತು. ಇಷ್ಟೇ ಅಕ್ಕ ಆಗಿದ್ದು. ನಗು ಬಂದಿದ್ದು ಗಾದೆಗೆ, ನಿಂಗಲ್ಲ. ಮುಚ್ಚಿಸ್ದೆ ಅನ್ನೋದನ್ನ ಬರೀದೆ ಗಾದೆ ಮಾತ್ರ ಬರೆದೆ.

ಇನ್ನೊಂದು. ಗೌರಿ ಹಬ್ಬದ ದಿನ ವಿಮಾನ ಲೇಟಾಗ್ಲಿಲ್ಲ. ಮೋಡನೂ ಇರ್ಲಿಲ್ಲ.

ನಾನು ಹೈದರಾಬಾದಿಗೆ ಹೊರಡಕ್ಕೆ ಮುಂಚೇನೇ ನಾಗರತ್ನ ಬಾಗಿನ ಕಟ್ಟಿ ಕೊಟ್ಟಿದ್ಲು. ಹೊಸ ಮೊರ ಎರಡು, ಒಳಗೆ ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ಬಾಚಣಿಗೆ, ಕನ್ನಡಿ, ಬೆಲ್ಲದಚ್ಚು, ಕಾಯಿ, ನಾನೇ ನೇಯ್ದ ರವಿಕೆ ಕಣ. ಹೈದರಾಬಾದಿಂದ ಬಂದು ಮನೆಗೆ ಹೋಗದೆ ಸೀದಾ ನಿನ್ನ ಹತ್ರ ಬರೋಣ ಅಂತ ಜೊತೇಲೇ ತಕೊಂಡೋದೆ. ನೋಡು, ಎಂಥ ಬುದ್ಧಿವಂತ ನಾನು. ಬಾಗಿನನ ವಿಮಾನದಲ್ಲಿ ಸುತ್ತಾಡಿಸಿದ ಗಂಡಸು ಈ ಸೀಮೇಲಿ ಇನ್ನೊಬ್ಬ ಇರಕಿಲ್ಲ.

ಹೋಗೋವಾಗ ಬೆಂಗಳೂರಲ್ಲಿ ಸಾಮಾನು ತಪಾಸಣೆ ಮಿಷನ್ನಲ್ಲಿ ಮೊರ ನಿಂತೋಯ್ತು. "ಇದೇನು?" ಅಂದ್ರು. "ನಮ್ಮಕ್ಕನ ಬಾಗಿನ ಸಾ" ಅಂದೆ. "ಬಿಚ್ಚಿ" ಅಂದ್ರು. "ಬಿಚ್ಚಂಗಿಲ್ಲ ಸಾ, ಅವಳೇ ಬಿಚ್ಬೇಕು" ಅಂದೆ. "ಅವರೆಲ್ಲವ್ರೆ?" "ಯಳಂದೂರಲ್ಲಿ." ಹಿಂದೆ ಸಾಲು ಬೆಳೀತಾ ಅದೆ. ಅವರೇ ದಾರ ಬಿಚ್ಚಿದ್ರು. ಒಂದೊಂದೇ ತೆಗೆದು ಮೇಜಿನ ಮೇಲೆ ಇಟ್ರು. ಬಳೆ, ಬಿಚ್ಚೋಲೆ, ಬಾಚಣಿಗೆ. ಕಾಯಿ ಮೇಲಕ್ಕೆ ಬಿಡಲ್ಲ ಅಂತ ಅಲ್ಲೇ ಇಟ್ಕೊಂಡ್ರು. ಅವರು ಒಳ್ಳೇವ್ರೇ, ಬೇರೆ ಎಲ್ಲಾನೂ ಒಪ್ಪವಾಗಿ ವಾಪಸ್ ಜೋಡಿಸಿ ಕೊಟ್ರು. ಆದ್ರೆ ಬಿಚ್ಚಿದ್ದು ಬಿಚ್ಚಿದ್ದೇ.

ಅವ್ವ ಏನಂತಿದ್ಲು? ಕಟ್ಟಿದ ಬಾಗಿನ ದಾರೀಲಿ ಬಿಚ್ಚಿದ್ರೆ ಇಸ್ಕೊಳೋಳಿಗೆ ಕೇಡು. ಚಿಕ್ಕೋನಿಂದ ಕೇಳ್ಕೊಂಡು ಬೆಳೆದಿದ್ದೀನಿ. ನಾಗರತ್ನಂಗೆ ಫೋನ್ ಮಾಡಿ ಇನ್ನೊಂದು ಕಟ್ಟಿ ಕೊಡ್ತೀಯಾ ಅಂದೆ. "ಒಂದು ಹಬ್ಬಕ್ಕೆ ಎರಡು ಬಾಗಿನ ಎಲ್ಲಾದ್ರೂ ಉಂಟಾ?" ಅಂದ್ಳು.

ಹಬ್ಬದ ದಿನ ಮಧ್ಯಾಹ್ನನೇ ಕೊಳ್ಳೇಗಾಲ ಬಸ್ ಸ್ಟ್ಯಾಂಡಲ್ಲಿ ಇಳಿದೆ. ಎದುರಿಗೇ ಬಸ್ಸು ನಿಂತಿತ್ತು. ಕಂಡಕ್ಟರು "ಯಳಂದೂರು, ಸಂತೇಮರಳ್ಳಿ, ಚಾಮರಾಜನಗರ" ಅಂತ ಕೂಗ್ತಿದ್ದ. ನನ್ನ ನೋಡಿ "ಬರ್ತೀಯೇನಣ್ಣ? ಸೀಟದೆ" ಅಂದ. ಕಂಕುಳಲ್ಲಿ ಮೊರ. ಬರಿಗೈಲಿ ಬಂದ್ರೆ ನಿನ್ನ ಮುಖ ನೋಡಕ್ಕಾಗಲ್ಲ, ಬಿಚ್ಚಿದ್ದು ತಂದ್ರೆ ನಿಂಗೆ ಕೇಡು. ಬಸ್ಸು ಓಯ್ತು. ಅದ್ರ ಹಿಂದಿನ್ದೂ ಓಯ್ತು. ನಾನು ಮನೆಗೆ ಬಂದು ಮೊರನ ಮಗ್ಗದ ಮೇಲಿನ ಅಟ್ಟಕ್ಕೆ ಇಟ್ಟು ಮೋಡ ಅಂತ ಸುಳ್ಳು ಬರೆದೆ. ಇವತ್ತಿಗೂ ಅಲ್ಲೇ ಅದೆ. ನೇಯ್ವಾಗ ತಲೆ ಎತ್ತಿದ್ರೆ ಅದೇ ಕಾಣ್ತದೆ, ಅದ್ಕೆ ತಲೆ ಎತ್ತಲ್ಲ.

ನಿನ್ನೆ ಚೀಟಿಗಳ್ನೆಲ್ಲ ಕೆಂಪು ಬಾಲಕ್ಕೆ ಹಾಕಿಸ್ಬುಟ್ಟೆ. ಅವರು ಯಾರ ಹೆಸರು ಬೇಕಾದ್ರೂ ಬರ್ಕೊತಾರೆ. ಗೇಣುದ್ದಕ್ಕೆ ಗೇಣುದ್ದವೇ ಕೊಟ್ರು. ಇಷ್ಟು ತಿಂಗಳು ಹಾರಿದ್ದಕ್ಕೆ ನಿನ್ನ ಒಂದು ಕಾಲು ವಿಮಾನದೊಳಗೆ ಇಡೋವಷ್ಟಾಯ್ತು, ಇನ್ನೊಂದು ಕಾಲಿಗೆ ನಾನು ಇನ್ನೂ ಹಾರ್ಬೇಕು. ಮೇಘನಾ "ಲಾಸ್ ಅಂಕಲ್, ದೊಡ್ಡ ಲಾಸ್" ಅಂತ ತಲೆ ಚಚ್ಕೊಂಡ್ಳು. ಆದ್ರೆ ಈ ಪಾಯಿಂಟ್ ಸಾಯಕಿಲ್ಲ.

ಈ ಸಲ ಮೊದ್ಲೇ ಹೇಳ್ಬುಡ್ತೀನಿ, ಆಮೇಲೆ ಯಾರೋ ಹೇಳಿ ನಿಂಗೆ ಗೊತ್ತಾಗೋದು ಬೇಡ. ಈ ಪಟ್ಟೀಲಿ ಹೆಸರಿನ ಮುಂದೆ ಸಂಬಂಧ ಅಂತ ಒಂದು ಮನೆ ಅದೆ. ಅದ್ರಲ್ಲೂ ಅಕ್ಕ ಅಂತ ಇಲ್ಲ. ಕಡೇಲಿ "ಇತರೆ" ಅಂತ ಒಂದದೆ. ಅದಕ್ಕೇ ಹಾಕವ್ಳೆ. "ಇತರೆ ಅಂದ್ರೆ ಅಕ್ಕ ಅಂತ ಎಲ್ಲಾದ್ರೂ ಬರಿಯವ್ವ" ಅಂದೆ. ಬರಿಯಕ್ಕೆ ಜಾಗ ಇಲ್ವಂತೆ.

ಬಿಚ್ಚಿದ ಬಾಗಿನಕ್ಕೆ ಏನಾದ್ರೂ ಪರಿಹಾರ ಉಂಟಾ, ಯಾರನ್ನಾದ್ರೂ ಕೇಳು. ಮಾದಪ್ಪನ ಬೆಟ್ಟಕ್ಕೆ ನಡ್ಕೊಂಡು ಹೋಗು ಅಂದ್ರೆ ಹೋಗಿ ಬತ್ತೀನಿ. ದಾರಿ ಮಧ್ಯೆ ಕೌದಳ್ಳೀಲಿ ಒಂದು ಟೀ ಕುಡೀತೀನಿ, ಅಷ್ಟಕ್ಕೆ ಒಪ್ಕೊ.

ಪರಮೇಶ


ಯಳಂದೂರು
14 ಅಕ್ಟೋಬರ್ 2025

ಲೇ ಪರಮೇಶ,

ನಿನ್ನ ಕಾಗದವನ್ನು ನಡುಮನೆಯಲ್ಲಿ ನಿಂತುಕೊಂಡೇ ಓದಿದೆ. ಮೊದಲು ಅಳು ಬಂತು. ಆಮೇಲೆ ನಗು ಶುರುವಾಯಿತು ನೋಡು, ನಿಲ್ಲಲಿಲ್ಲ. ಭಾವ ಅಂಗಡಿಯಿಂದ ಓಡಿ ಬಂದು "ಏನಾಯ್ತೇ, ಏನಾಯ್ತೇ?" ಎಂದರು. ಕಾಗದ ಅವರ ಕೈಗೆ ಕೊಟ್ಟೆ.

ದಡ್ಡ. ಬಾಗಿನ ಬಿಚ್ಚಿದರೆ ಕೇಡು ಎಂದು ಯಾವ ಶಾಸ್ತ್ರದಲ್ಲಿದೆ? ಅದು ಅವ್ವ ನಿನಗೊಬ್ಬನಿಗೇ ಮಾಡಿದ ಶಾಸ್ತ್ರ. ಸೋದರತ್ತೆಗೆ ಕೊಡಲು ಕಟ್ಟಿಟ್ಟ ಬಾಗಿನವನ್ನು ಬಿಚ್ಚಿ ಬೆಲ್ಲದಚ್ಚು ತಿಂದವನು ಯಾರು? ಒಂದು ವರ್ಷವಲ್ಲ, ಮೂರು ವರ್ಷ. ಮೂರನೆಯ ವರ್ಷ ಅತ್ತೆ ಮೊರ ಬಿಚ್ಚಿದರೆ ಒಳಗೆ ಬಳೆ ಇತ್ತು, ಬಾಚಣಿಗೆ ಇತ್ತು, ಬೆಲ್ಲದ ಜಾಗದಲ್ಲಿ ಒಂದು ಕಲ್ಲು ಇತ್ತು. ಭಾರ ಸರಿಯಿರಲಿ ಎಂದು ಇಟ್ಟಿದ್ದೆಯಂತೆ. ಹೊಡೆದರೆ ಬಗ್ಗುವವನಲ್ಲ ಎಂದು ಅವ್ವ ಈ ಮಾತು ಕಟ್ಟಿದಳು: ಬಿಚ್ಚಿದರೆ ಇಸಿದುಕೊಳ್ಳುವವಳಿಗೆ ಕೇಡು, ನಾಳೆ ನಿನ್ನಕ್ಕನೂ ಇಸಿದುಕೊಳ್ಳುವವಳೇ. "ಇವನಿಗೆ ತನ್ನ ಮೇಲೆ ಭಯವಿಲ್ಲ, ಅಕ್ಕನಿಗೆ ಏನಾದರೂ ಆಗುತ್ತದೆ ಎಂದರೆ ಹೆದರುತ್ತಾನೆ" ಎಂದು ನನ್ನ ಕಿವಿಯಲ್ಲಿ ಹೇಳಿದ್ದಳು. ಆಗ ನನಗೆ ಕಿವಿ ಚೆನ್ನಾಗಿ ಕೇಳುತ್ತಿತ್ತು. ಮುಂದಿನ ವರ್ಷದಿಂದ ನೀನು ಮೊರದ ಹತ್ತಿರವೂ ಸುಳಿಯಲಿಲ್ಲ. ಇಷ್ಟು ವಯಸ್ಸಾದ ಮೇಲೂ ಅದನ್ನೇ ನಂಬಿಕೊಂಡು ಬಸ್ಸು ಬಿಟ್ಟೆಯಲ್ಲ!

ನಾನೂ ದಡ್ಡಿಯೇ. ಗಾದೆ ಓದಿದೆ, ಬರೆದವನು ಯಾರು ಎಂದು ಓದಲಿಲ್ಲ.

ಬಾಗಿನ ಬಿಚ್ಚಿದ್ದರೆ ಬಿಚ್ಚಿರಲಿ. ವಿಮಾನ ನಿಲ್ದಾಣದ ಪೊಲೀಸರು ನೋಡಿ ಪಾಸು ಮಾಡಿದ ಬಾಗಿನ ಯಳಂದೂರಿನಲ್ಲಿ ಬೇರೆ ಯಾರಿಗೆ ಬಂದಿದೆ? ಬೀದಿಯಲ್ಲಿ ಆಗಲೇ ಹೇಳಿ ಬಂದೆ. ಬಳೆ ಅಂಗಡಿಯವಳ ಬಾಯಿ ಮುಚ್ಚಿತು.

ಕೆಂಪಿಗೆ ಹಾಕಿದ್ದು ನಷ್ಟವೇ. ನಾನು ಹಸಿರು ಎಂದು ಹೇಳಿದ್ದೆ, ಲೆಕ್ಕದಲ್ಲಿ ನಾನೇ ಸರಿ. ಆದರೂ ಇರಲಿ. ಪಾಯಿಂಟ್ ಸಾಯುವುದಿಲ್ಲ ಎಂದೆಯಲ್ಲ, ನಾನೂ ಅಷ್ಟು ಬೇಗ ಸಾಯುವುದಿಲ್ಲ. ಒಂದೊಂದೇ ಗೇಣು ಕೂಡಲಿ. ಇತರೆ ಎಂದೇ ಇರಲಿ. ಅದರಲ್ಲಿ ನಾನೊಬ್ಬಳೇ ಇದ್ದೇನೆ ತಾನೇ? ನಿಮ್ಮ ಮಾವ ಅಲ್ಲಿಗೂ ಬಂದಿಲ್ಲವಲ್ಲ?

ಸ್ವೆಟರ್ ವಿಷಯ ನಿನಗೆ ಯಾರು ಹೇಳಿದರು ಎಂದು ನಾನು ಕೇಳುವುದಿಲ್ಲ. ನೀನು ಬರೆದೂ ಇಲ್ಲ. ಆದರೆ ಒಂದೇ ಸಲಕ್ಕೆ ಇಷ್ಟೆಲ್ಲ ಬರೆದೆ ಎಂದರೆ ಯಾರೋ ಹೇಳಿದ್ದಾರೆ. ಭಾವ ಅಂಗಡಿಯ ಪೆನ್ನು ಹುಡುಕುತ್ತಿದ್ದ ದಿನವೇ ನನಗೆ ಅನುಮಾನವಿತ್ತು.

ನೀನು ಬೆಟ್ಟಕ್ಕೆ ನಡೆಯುವುದೂ ಬೇಡ, ಬಾಗಿನ ಹೊತ್ತು ಇಲ್ಲಿಗೆ ಬರುವುದೂ ಬೇಡ. ನಿನ್ನ ಕೈಗೆ ಕೊಟ್ಟರೆ ಈ ಸಲ ಅದು ಎಲ್ಲಿಗೆ ಹಾರುತ್ತದೋ ಯಾರಿಗೆ ಗೊತ್ತು. ಬಲಿಪಾಡ್ಯಮಿ ದಿನ ಬೆಳಿಗ್ಗೆ ನಾನೇ ಬರುತ್ತೇನೆ. ನನಗೆ ಬಸ್ಸು ಬಿಟ್ಟಿ ಕಣೋ, ಹೆಂಗಸರಿಗೆಲ್ಲ ಬಿಟ್ಟಿ. ಕಂಡಕ್ಟರು ಶೂನ್ಯ ಟಿಕೆಟ್ಟು ಹರಿದು ಕೊಡುತ್ತಾನೆ. ಪಟ್ಟಿಯಲ್ಲಿ ಹೆಸರಿದೆಯೇ, ಯಾರ ಅಕ್ಕ, ಯಾರ ಹೆಂಡತಿ ಎಂದು ಕೇಳುವುದಿಲ್ಲ. ಎಲ್ಲಿಗೆ ಎಂದಷ್ಟೇ ಕೇಳುತ್ತಾನೆ.

ಬೆಲ್ಲದಚ್ಚು ಒಳಗೆ ಇದೆಯೋ ಇಲ್ಲವೋ ಈಗಲೇ ನೋಡಿಕೊ. ನಾನು ಬಂದು ಬಿಚ್ಚಿದಾಗ ಕಲ್ಲು ಸಿಗಬಾರದು.

ಅಕ್ಕ


ಕೊಳ್ಳೇಗಾಲ
17 ಅಕ್ಟೋಬರ್ 2025

ಅಕ್ಕ,

ಬೆಲ್ಲ ಅದೆ. ಮೂಲೇಲಿ ಒಂಚೂರು ಇರುವೆ ತಿಂದವೆ. ಇರುವೆನೇ, ನಾನಲ್ಲ. ನಾಗರತ್ನ ಸಾಕ್ಷಿ. ಹೊಸ ಕಾಯಿ ತಂದು ಇಟ್ಟಿದ್ದೀನಿ.

ಮಿಷನ್ನ ಕಿವಿಗೆ ಹಾಕ್ಕೊಂಡು ಬಾ. ಸ್ವೆಟರೂ ಹಾಕ್ಕೊಂಡು ಬಾ, ಬಸ್ಸಲ್ಲಿ ಬೆವರಿದ್ರೂ ಪರವಾಗಿಲ್ಲ. ಕಿಟಕಿ ಪಕ್ಕ ಬೇಕಾದ್ರೆ ಟವೆಲ್ ಎಸಿ. ಅಲ್ಲಿ ಯಾರೂ ಮಡಿಚಿ ವಾಪಸ್ ಕೊಡಲ್ಲ.

ನಾನು ಬೆಳಿಗ್ಗೆನೇ ಬಸ್ ಸ್ಟ್ಯಾಂಡಿಗೆ ಬಂದು ನಿಂತಿರ್ತೀನಿ. ಸೀರೆ ಡಬ್ಬದ ರಟ್ಟು ಕತ್ತರಿಸಿ, ಮೇಘನಾ ಕೊಟ್ಟ ದಪ್ಪ ಪೆನ್ನಲ್ಲಿ ಬರೆದು ಒಣಗಕ್ಕೆ ಇಟ್ಟಿದ್ದೀನಿ. ಎರಡು ಕೈಲೂ ಎತ್ತಿ ಹಿಡ್ಕೊಂಡಿರ್ತೀನಿ. ನೀನು ಇಳಿದ ತಕ್ಷಣ ನನ್ನ ಹತ್ರ ಬರ್ಬೇಡ. ಒಂದು ಗಳಿಗೆ ಆ ಕಡೆ ಈ ಕಡೆ ಓಡಾಡು, ನಾಲ್ಕು ಜನ ಓದ್ಲಿ.

ಯಳಂದೂರು ಅಂತ ಬರೆದಿಲ್ಲ ಅಂತ ಭಾವ ಬೇಜಾರು ಮಾಡ್ಕೊಬಾರ್ದು. ಮೊದಲ್ನೇ ಸಾಲಲ್ಲಿ "ಸರಸ್ವತಮ್ಮ" ಅಂತ ಬರೆದಿದ್ದೀನಿ. ಅದ್ರ ಕೆಳಗೆ "ಕೊಳ್ಳೇಗಾಲ".

ಪರಮೇಶ